ಸೋಲಾರ್ ಹಾಕಿಸೋಣವಾ? ಹಾಸನ, ಚಿಕ್ಕಮಗಳೂರು ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸುವ ಬಗ್ಗೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಎರಡೂ ಜಿಲ್ಲೆಯಲ್ಲಿ ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಅರಸೀಕೆರೆಯ ಲೆಕ್ಕ ಸಕಲೇಶಪುರಕ್ಕೆ ಹೊಂದುವುದಿಲ್ಲ, ಕಡೂರಿನ ಲೆಕ್ಕ ಶೃಂಗೇರಿಗೆ ಹೊಂದುವುದಿಲ್ಲ. ಆದರೆ ಮಾರಲು ಬರುವವರು ಎಲ್ಲರಿಗೂ ಒಂದೇ ಲೆಕ್ಕ ಬರೆದು ಕೊಡುತ್ತಾರೆ. ಅದನ್ನು ನಂಬಿಕೊಂಡು ದುಡ್ಡು ಕಟ್ಟಬೇಡಿ. ನಿಮ್ಮ ಬಿಲ್ಲು, ನಿಮ್ಮ ಚಾವಣಿ, ನಿಮ್ಮ ಮನೆ ಸುತ್ತಲಿನ ಮರ, ಈ ಮೂರನ್ನು ನೋಡಿ ಆಮೇಲೆ ತೀರ್ಮಾನ ಮಾಡಿ.

ಪ್ರಶ್ನೆ: ಸಾರ್, ಪ್ಯಾನೆಲ್ ಮೇಲೆ ಬಿಸಿಲು ಬಿದ್ದರೆ ಕರೆಂಟ್ ಹೇಗೆ ಬರುತ್ತದೆ? ಶಾಖದಿಂದ ಬರುವುದಾ? ಹಾಗಾದರೆ ನಮ್ಮ ತಂಪು ಊರಿನಲ್ಲಿ ಕಡಿಮೆ ಬರಬೇಕಲ್ವಾ? (ಹಾಸನದ ಓದುಗರು)

ಉತ್ತರ: ಶಾಖದಿಂದ ಅಲ್ಲ, ಬೆಳಕಿನಿಂದ. ಪ್ಯಾನೆಲ್ ಒಳಗೆ ಸಿಲಿಕಾನ್‌ನ ತೆಳುವಾದ ಬಿಲ್ಲೆಗಳಿರುತ್ತವೆ, ಅವನ್ನು ಸೆಲ್ ಅನ್ನುತ್ತಾರೆ. ಪ್ರತಿ ಸೆಲ್‌ನಲ್ಲಿ ಎರಡು ಪದರ, ಎರಡಕ್ಕೂ ಬೇರೆ ಬೇರೆ ಅಂಶ ಬೆರೆಸಿರುತ್ತಾರೆ. ಬೆಳಕು ಬಿದ್ದಾಗ ಒಳಗಿನ ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ಎರಡು ಪದರ ಕೂಡುವ ಜಾಗದಲ್ಲಿ ಸಹಜವಾಗಿಯೇ ಒಂದು ವಿದ್ಯುತ್ ಸೆಳೆತ ಇರುತ್ತದೆ, ಅದು ಈ ಎಲೆಕ್ಟ್ರಾನ್‌ಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೊರಗೆ ತಂತಿ ಜೋಡಿಸಿದರೆ ಅದೇ ಕರೆಂಟ್. ಒಂದು ಸೆಲ್ ಕೊಡುವುದು ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅದಕ್ಕೇ ಎಷ್ಟೋ ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಒಂದು ಪ್ಯಾನೆಲ್ ಮಾಡುತ್ತಾರೆ. ಬರುವುದು ಡಿಸಿ ಕರೆಂಟ್, ಅಂದರೆ ಒಂದೇ ದಿಕ್ಕಿಗೆ ಹರಿಯುವುದು. ಮನೆಯ ಫ್ಯಾನು, ಫ್ರಿಜ್ಜು ಓಡುವುದು ಎಸಿಯಲ್ಲಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನಲ್ಲಿ. ಡಿಸಿಯನ್ನು ಎಸಿ ಮಾಡುವ ಡಬ್ಬಿಯೇ ಇನ್ವರ್ಟರ್.

1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಮೊದಲ ಬಳಕೆಯೋಗ್ಯ ಸಿಲಿಕಾನ್ ಸೆಲ್ ತೋರಿಸಿದಾಗ ಅದು ಬಿದ್ದ ಬೆಳಕಿನ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ ಮಾಡುತ್ತಿತ್ತು. ಈಗ ಮನೆಗೆ ಬರುವ ಪ್ಯಾನೆಲ್‌ಗಳು ಶೇಕಡಾ 20 ದಾಟಿವೆ. ನಿಮ್ಮ ಊರಿನಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಅಲ್ಲಿಂದ ನೋಡಿಕೊಳ್ಳುವ ಇನ್‌ಸ್ಯಾಟ್, ಜಿಸ್ಯಾಟ್ ಉಪಗ್ರಹಗಳು ಆಕಾಶದಲ್ಲಿ ಕೆಲಸ ಮಾಡುತ್ತಿರುವುದೂ ಸೋಲಾರ್ ಸೆಲ್‌ಗಳ ಬಲದಿಂದ.

ಇನ್ನು ತಂಪಿನ ವಿಚಾರ. ಅದು ನಿಮಗೆ ಲಾಭ! ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಲೆಕ್ಕ ಸೆಲ್ 25 ಡಿಗ್ರಿ ಇದ್ದಾಗಿನದು. ಅದರ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಕಮ್ಮಿಯಾಗುತ್ತದೆ. ಬೇಸಿಗೆಯಲ್ಲಿ ಕಾದ ಚಾವಣಿ ಮೇಲೆ ಪ್ಯಾನೆಲ್ 60 ಡಿಗ್ರಿ ಮುಟ್ಟುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯ ಆಸುಪಾಸಿನಲ್ಲಿವೆ. ಜನವರಿಯ ಶುಭ್ರ ಬಿಸಿಲು, ತಣ್ಣನೆ ಗಾಳಿ ಎರಡೂ ಸೇರಿದಾಗ ಪ್ಯಾನೆಲ್‌ಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಪ್ರಶ್ನೆ: ನಮ್ಮದು ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು. ತಿಂಗಳಿಗೆ 90 ಯೂನಿಟ್ ಸುಡುತ್ತೇವೆ. ಪಕ್ಕದ ಮನೆಯವರು ಹಾಕಿಸಿದರು ಅಂತ ಮಗ ಹಟ ಹಿಡಿದಿದ್ದಾನೆ. ಹಾಕಿಸಲಾ? (ಚನ್ನರಾಯಪಟ್ಟಣದ ಓದುಗರು)

ಉತ್ತರ: ದುಡ್ಡು ಉಳಿಸುವುದೇ ಉದ್ದೇಶವಾದರೆ ಈಗ ಬೇಡ. ಸೊನ್ನೆ ಬಿಲ್ಲಿನಲ್ಲಿ ಇನ್ನೇನು ಉಳಿಯುತ್ತದೆ ಹೇಳಿ. 2023ರಿಂದ ಗೃಹಜ್ಯೋತಿ ನಡೆಯುತ್ತಿದೆ, ನಿಮ್ಮ ಹಳೆಯ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಅಷ್ಟನ್ನು ಉಚಿತ ಕೊಡುತ್ತಾರೆ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. 90 ಯೂನಿಟ್‌ನ ಮನೆಗೆ ಸೋಲಾರ್ ಮಾರುವವರು ಈ ಮಾತನ್ನು ಎತ್ತುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ.

ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ಬರುವುದಿದ್ದರೆ, ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆ ಹಿಡಿಯುವುದಿದ್ದರೆ, ಮೇಲೊಂದು ಮನೆ ಕಟ್ಟಿ ಒಂದೇ ಮೀಟರ್‌ನಲ್ಲಿ ಇರುವುದಿದ್ದರೆ ಆಗ ಲೆಕ್ಕ ಬದಲಾಗುತ್ತದೆ. ತಿಂಗಳಿಗೆ 300 ಯೂನಿಟ್ ಬಳಸುವ ಮನೆಯನ್ನೇ ತೆಗೆದುಕೊಳ್ಳಿ. ಯೂನಿಟ್‌ಗೆ ಹೆಚ್ಚುಕಮ್ಮಿ 6 ರೂಪಾಯಿ ಹಿಡಿದರೂ 1,800 ರೂಪಾಯಿ, ಮೇಲೆ ನಿಗದಿತ ಶುಲ್ಕ ಬೇರೆ. ಅಂಥ ಮನೆಗೆ 3 ಕಿಲೋವ್ಯಾಟ್ ಸಾಕು. ಸಬ್ಸಿಡಿ ಕಳೆದು ಕೈಯಿಂದ ಹೋಗುವುದು ಒಂದೂಕಾಲು ಲಕ್ಷದ ಆಸುಪಾಸು ಅಂದುಕೊಂಡರೆ ಬಯಲುಸೀಮೆಯಲ್ಲಿ ಐದಾರು ವರ್ಷಕ್ಕೆ ಹಾಕಿದ ದುಡ್ಡು ಬರುತ್ತದೆ. ನಿಗದಿತ ಶುಲ್ಕ ಮಾತ್ರ ಸೋಲಾರ್ ಇದ್ದರೂ ಕಟ್ಟಬೇಕು, ಅದು ಹೋಗುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಸೋಲಾರ್ ಹಾಕಿಸಿದರೆ ಆ ಕಾಟ ತಪ್ಪುತ್ತದೆ ಅಂತ ಒಬ್ಬರು ಹೇಳಿದರು, ತಪ್ಪಲ್ಲ ಅಂತ ಇನ್ನೊಬ್ಬರು. ಯಾವುದು ನಿಜ? (ಸಕಲೇಶಪುರದ ಓದುಗರು)

ಉತ್ತರ: ಯಾವ ತರಹದ್ದು ಹಾಕಿಸುತ್ತೀರಿ ಅನ್ನುವುದರ ಮೇಲಿದೆ. ಈ ಸಲ ಬಂದ ಪತ್ರಗಳಲ್ಲಿ ಇದೇ ಅತಿ ಮುಖ್ಯವಾದ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಈಗ ಸಬ್ಸಿಡಿಯಲ್ಲಿ ಹೆಚ್ಚಾಗಿ ಹಾಕುತ್ತಿರುವುದು ಆನ್‌ಗ್ರಿಡ್, ಅಂದರೆ ಕರೆಂಟ್ ಲೈನಿಗೆ ಜೋಡಿಸಿದ್ದು. ಅದರಲ್ಲಿ ಬ್ಯಾಟರಿ ಇಲ್ಲ. ಹಗಲು ಪ್ಯಾನೆಲ್ ಕರೆಂಟ್ ಮೊದಲು ಮನೆಗೆ, ಉಳಿದದ್ದು ಲೈನಿಗೆ. ರಾತ್ರಿ ಲೈನಿನಿಂದ ಮನೆಗೆ. ಎರಡೂ ಕಡೆಯ ಲೆಕ್ಕ ಇಡುವ ನೆಟ್ ಮೀಟರ್ ಹಾಕುತ್ತಾರೆ, ತಿಂಗಳ ಕೊನೆಗೆ ನೀವು ತೆಗೆದುಕೊಂಡಿದ್ದರಲ್ಲಿ ಕೊಟ್ಟಿದ್ದನ್ನು ಕಳೆದು ಬಿಲ್ಲು ಬರುತ್ತದೆ. ಈ ಆನ್‌ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಹೊರಗೆ ಸುಡು ಬಿಸಿಲಿದ್ದರೂ ನಿಲ್ಲುತ್ತದೆ. ಅದು ಕೆಟ್ಟಿರುವುದಲ್ಲ, ಹಾಗೇ ಮಾಡಿರುವುದು. ಬಿದ್ದ ಮರ ತೆಗೆದು ತಂತಿ ಕಟ್ಟಲು ಲೈನ್‌ಮನ್ ಕಂಬ ಹತ್ತಿರುತ್ತಾರೆ. ಲೈನ್ ಆಫ್ ಮಾಡಿಸಿಯೇ ಹತ್ತಿರುತ್ತಾರೆ. ಆಗ ನಿಮ್ಮ ಮನೆ ಪ್ಯಾನೆಲ್‌ನಿಂದ ಹಿಮ್ಮುಖವಾಗಿ ಕರೆಂಟ್ ಹರಿದರೆ ಒಂದು ಜೀವ ಹೋಗುತ್ತದೆ. ಈ ರಕ್ಷಣೆಯನ್ನು ತಪ್ಪಿಸಿ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಕರೆಂಟ್ ಹೋದಾಗಲೂ ಬೇಕು ಅಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದು ಲೈನಿನಿಂದ ಮನೆಯನ್ನು ಬೇರ್ಪಡಿಸಿಕೊಂಡು ಬ್ಯಾಟರಿಯಿಂದ ನಡೆಸುತ್ತದೆ. ಖರ್ಚು ಜಾಸ್ತಿ, ಬ್ಯಾಟರಿಗೆ ಸಬ್ಸಿಡಿಯೂ ಇಲ್ಲ. ಲಿಥಿಯಂ ಬ್ಯಾಟರಿ ಹಾಕಿದರೆ ಬಾಳಿಕೆ ಹೆಚ್ಚು. ಮಾಮೂಲಿ ಲೆಡ್ ಆಸಿಡ್ ನಾಲ್ಕೈದು ವರ್ಷಕ್ಕೆ ಬದಲಿಸಬೇಕಾಗುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ಇರುವ ಕಷ್ಟ ಬಿಲ್ಲಿನದಲ್ಲ, ಕತ್ತಲಿನದು. ಅದಕ್ಕೆ ಇಷ್ಟೆಲ್ಲ ಬೇಡ. ನಿಮ್ಮ ಮನೆಯಲ್ಲಿ ಯುಪಿಎಸ್ ಇದೆ ಅಂತ ಬರೆದಿದ್ದೀರಿ, 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ. 12 ವೋಲ್ಟ್ ಲೆಕ್ಕದಲ್ಲಿ ಅದು 1.8 ಯೂನಿಟ್ ಹಿಡಿಯುತ್ತದೆ, ಲೆಡ್ ಆಸಿಡ್ ಆದ್ದರಿಂದ ಅರ್ಧ ಮಾತ್ರ ಬಳಸಿದರೆ ಬಾಳುತ್ತದೆ. ಆ 0.9 ಯೂನಿಟ್‌ನಲ್ಲಿ ನಾಲ್ಕು ಎಲ್‌ಇಡಿ ಬಲ್ಬು, ಒಂದು ಫ್ಯಾನು, ವೈಫೈ, ಮೊಬೈಲ್ ಚಾರ್ಜು ಸೇರಿ ಒಂದು ರಾತ್ರಿ ಕಳೆಯಬಹುದು. ಮಾರನೇ ದಿನ ಅದನ್ನು ತುಂಬಿಸಲು ಒಂದೆರಡು ಪ್ಯಾನೆಲ್ ಮತ್ತು ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಒಂದು ಚಾರ್ಜ್ ಕಂಟ್ರೋಲರ್ ಸಾಕು. ಕಂಟ್ರೋಲರ್ ಎಂಪಿಪಿಟಿ ತರಹದ್ದೇ ಇರಲಿ, ಅದು ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನು ಹಾಳು ಮಾಡದೆ ಬ್ಯಾಟರಿಗೆ ಹೊಂದಿಸಿ ಕೊಡುತ್ತದೆ. ದೊಡ್ಡ ಪ್ಯಾನೆಲ್ 40 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದುಬಿಡುತ್ತದೆ, ಮೂರರಲ್ಲಿ ಎರಡು ಪಾಲು ಸುಮ್ನೆ ಹಾಳು. ಮತ್ತೆ ಜುಲೈನಲ್ಲಿ ನಿಮ್ಮ ಕಡೆ ಬಿಸಿಲೆಲ್ಲಿ ಅಂತ ಕೇಳಬಹುದು. ಮೋಡದಲ್ಲೂ ಬೆಳಕಿರುತ್ತದೆ, ಪ್ಯಾನೆಲ್ ಒಂದಿಷ್ಟು ಕೊಡುತ್ತಲೇ ಇರುತ್ತದೆ. ಅದಕ್ಕೇ ಒಂದರ ಬದಲು ಎರಡು ಪ್ಯಾನೆಲ್ ಹಾಕಿಸಿ ಅನ್ನುವುದು. ಲೈನಿಗೆ ಸೇರದ ಇಂಥ ಆಫ್‌ಗ್ರಿಡ್ ಜೋಡಣೆಗೆ ಸಬ್ಸಿಡಿ ಬರುವುದಿಲ್ಲ, ಅದು ತಿಳಿದಿರಲಿ.

ಪ್ರಶ್ನೆ: 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಗ್ಯಾರಂಟಿ ಅನ್ನುತ್ತಾರೆ. ನಮ್ಮದು ತೋಟದ ಮನೆ, ಸುತ್ತ ಸಿಲ್ವರ್ ಓಕ್, ಎರಡು ತೆಂಗಿನ ಮರ. ಅಷ್ಟು ಬರುತ್ತದಾ? (ಮೂಡಿಗೆರೆಯ ಓದುಗರು)

ಉತ್ತರ: ಬರುವುದಿಲ್ಲ. 4 ಯೂನಿಟ್ ಅನ್ನುವುದು ವರ್ಷದ ಸರಾಸರಿ, ಅದೂ ಅರಸೀಕೆರೆ, ಕಡೂರು ಕಡೆಯ ಬಯಲಿನಲ್ಲಿ, ನೆರಳಿಲ್ಲದ ಚಾವಣಿ ಮೇಲೆ. ನಿಮ್ಮಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ 4ನ್ನು ದಾಟಲೂಬಹುದು. ಜಡಿಮಳೆ ಹಿಡಿದ ದಿನ 1 ಯೂನಿಟ್ ಬಂದರೆ ಹೆಚ್ಚು.

ಮಳೆಗಿಂತ ನನಗೆ ಹೆದರಿಕೆ ನಿಮ್ಮ ಮರಗಳದ್ದು. ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ನೀರಿನ ಪೈಪನ್ನು ಒಂದು ಕಡೆ ಅಮುಕಿ ಹಿಡಿದ ಹಾಗೆ ಆಗುತ್ತದೆ, ಒಂದು ಸೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಹರಿವು ತಗ್ಗುತ್ತದೆ. ಇದಕ್ಕೆ ಪರಿಹಾರವಾಗಿ ಪ್ಯಾನೆಲ್ ಒಳಗೆ ಬೈಪಾಸ್ ಡಯೋಡ್ ಇಟ್ಟಿರುತ್ತಾರೆ, ಸಾಮಾನ್ಯವಾಗಿ ಮೂರು. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹೋಗುವ ಹಾಗೆ ಅವು ದಾರಿ ಮಾಡಿಕೊಡುತ್ತವೆ. ಹಾಗಿದ್ದೂ ಒಂದು ತೆಂಗಿನ ಗರಿಯ ನೆರಳಿಗೆ ಪ್ಯಾನೆಲ್‌ನ ಮೂರರಲ್ಲಿ ಒಂದು ಪಾಲು ಹೋಗಬಹುದು.

ಇದನ್ನು ಯಾವಾಗ ನೋಡಬೇಕು ಗೊತ್ತಾ? ಡಿಸೆಂಬರ್‌ನಲ್ಲಿ. ಏಪ್ರಿಲ್ ಕೊನೆಯ ವಾರ ನಮ್ಮ ಕಡೆ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರುತ್ತಾನೆ, ಮರದ ನೆರಳು ಬುಡದಲ್ಲೇ ಬಿದ್ದಿರುತ್ತದೆ. ಆಗ ಸರ್ವೆಗೆ ಬಂದವರು ಜಾಗ ಚೆನ್ನಾಗಿದೆ ಅಂದು ಹೋಗುತ್ತಾರೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ, 30 ಅಡಿ ಮರದ ನೆರಳು ನಡು ಮಧ್ಯಾಹ್ನವೇ 20 ಅಡಿ ದಾಟಿ ಉತ್ತರಕ್ಕೆ ಚಾಚುತ್ತದೆ, ಮೂರು ಗಂಟೆಗೆ ಇನ್ನೂ ಉದ್ದ. ಮಲೆನಾಡಿನಲ್ಲಿ ನಿಮಗೆ ಒಳ್ಳೆಯ ಬಿಸಿಲು ಸಿಗುವ ತಿಂಗಳುಗಳೇ ಇವು. ಹಾಗಾಗಿ ಮನೆಯ ದಕ್ಷಿಣಕ್ಕಿರುವ ಮರಗಳನ್ನು ನೋಡಿ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೆರಳು ಮುಟ್ಟದ ಜಾಗ ಎಷ್ಟಿದೆ ಅಂತ ಚಾವಣಿ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಬೇಕು. ಓವರ್‌ಹೆಡ್ ಟ್ಯಾಂಕಿನ ನೆರಳನ್ನೂ ಮರೆಯಬೇಡಿ. ಕೊಂಬೆ ಸವರಿದರೆ ಸಾಕಾಗುವ ಕಡೆ ಮರ ಕಡಿಯುವುದು ಬೇಡ, ಕಾಫಿಗೆ ಆ ನೆರಳು ಬೇಕಲ್ಲ. ಸವರಿದರೂ ಆಗದಿದ್ದರೆ ಪ್ರತಿ ಪ್ಯಾನೆಲ್‌ಗೂ ಬೇರೆ ಬೇರೆ ಮೈಕ್ರೋ ಇನ್ವರ್ಟರ್ ಹಾಕುವ ದಾರಿ ಇದೆ, ಆಗ ಒಂದರ ನೆರಳು ಇನ್ನೊಂದನ್ನು ಕೆಡಿಸುವುದಿಲ್ಲ. ಬೆಲೆ ಮಾತ್ರ ಹೆಚ್ಚು.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಹೆಂಚಿನ ಮೇಲೆ ಪ್ಯಾನೆಲ್ ಕೂರಿಸಬಹುದಾ? (ಕೊಪ್ಪದ ಓದುಗರು)

ಉತ್ತರ: ಕೂರಿಸುವವರಿದ್ದಾರೆ, ನಾನು ಬೇಡ ಅನ್ನುತ್ತೇನೆ. 540 ವ್ಯಾಟ್‌ನ ಒಂದು ಪ್ಯಾನೆಲ್ ಏಳೂವರೆ ಅಡಿ ಉದ್ದ, ಹತ್ತಿರ ಹತ್ತಿರ ನಾಲ್ಕು ಅಡಿ ಅಗಲ, ತೂಕ 28 ಕೆಜಿ ಆಸುಪಾಸು. 3 ಕಿಲೋವ್ಯಾಟ್‌ಗೆ ಇಂಥವು ಆರು, ಮೇಲೆ ಕಬ್ಬಿಣದ ಚೌಕಟ್ಟು. ತೂಕಕ್ಕಿಂತ ದೊಡ್ಡ ತೊಂದರೆ ಗಾಳಿ. ಆಷಾಢದ ಗಾಳಿ ಪ್ಯಾನೆಲ್ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತದೆ, ಆ ಎಳೆತವನ್ನು ನಿಮ್ಮ ಹಳೆಯ ರೀಪು, ಪಕಾಸಿ ತಡೆಯಬೇಕು. ಕೆಲಸದವರು ಓಡಾಡಿದಾಗ ಹೆಂಚು ಒಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದಕ್ಕೂ ಪ್ಯಾನೆಲ್ ಅಡ್ಡ.

ಕಾರ್ ಶೆಡ್ಡೋ, ಕೊಟ್ಟಿಗೆಯೋ, ಆರ್‌ಸಿಸಿ ಹಾಕಿದ ಬಚ್ಚಲುಮನೆಯೋ ಇದ್ದರೆ ಅದರ ಮೇಲೆ ನೋಡಿ. ಇಲ್ಲದಿದ್ದರೆ ಅಂಗಳದ ಬಿಸಿಲು ಬೀಳುವ ಮೂಲೆಯಲ್ಲಿ ಕಾಂಕ್ರೀಟ್ ಬುಡ ಹಾಕಿ ಕಂಬ ನಿಲ್ಲಿಸುವುದು ಒಳ್ಳೆಯದು. ಕಂಬ, ಚೌಕಟ್ಟು ಎಲ್ಲ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದಾಗಿರಲಿ, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಬರೀ ಬಣ್ಣ ಬಳಿದ ಕಬ್ಬಿಣ ನಿಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಅಂಗಳದಲ್ಲಿ ಹಾಕುವುದಾದರೆ ಅರ್ಜಿ ಹಾಕುವ ಮೊದಲೇ ನಿಮ್ಮ ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಪ್ರಶ್ನೆ: ಸಬ್ಸಿಡಿ ಎಷ್ಟು? ಎಲ್ಲಿ ಅರ್ಜಿ? ಮನೆ ಮೀಟರ್ ಇನ್ನೂ ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲಿದೆ. (ಅರಸೀಕೆರೆಯ ಓದುಗರು)

ಉತ್ತರ: ಮೊದಲು ಮೀಟರ್ ಹೆಸರು ಬದಲಾಯಿಸಿಕೊಳ್ಳಿ. ಎಷ್ಟೋ ಅರ್ಜಿ ಸಿಕ್ಕಿಕೊಳ್ಳುವುದೇ ಇಲ್ಲಿ. ಅರ್ಜಿದಾರರ ಹೆಸರು, ಕರೆಂಟ್ ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದಬೇಕು. ನಾವೆಲ್ಲ ಈಗಲೂ ಕೆಇಬಿ ಅನ್ನುವ ಆ ಆಫೀಸು ಹಾಸನ ಜಿಲ್ಲೆಯವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಮರಣ ಪತ್ರ, ವಂಶವೃಕ್ಷ, ಮನೆಯ ಖಾತೆ ಪತ್ರ ಜೊತೆಗಿಟ್ಟುಕೊಂಡು ಹೋಗಿ. ಅಣ್ಣತಮ್ಮಂದಿರ ಒಪ್ಪಿಗೆ ಪತ್ರವನ್ನೂ ಕೇಳಬಹುದು.

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂದಿದ್ದು. ಅದರ ಪ್ರಕಾರ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ 78,000. ಅದಕ್ಕೇ ಹೆಚ್ಚಿನ ಮನೆಯವರು 3ಕ್ಕೆ ನಿಲ್ಲಿಸುತ್ತಾರೆ. ಪ್ಯಾನೆಲ್ ದೇಶದಲ್ಲೇ ತಯಾರಾದ ಸೆಲ್‌ಗಳದ್ದಾಗಿರಬೇಕು, ಅಂಗಡಿಯವರು ಅದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಯೋಜನೆಯ ಪೋರ್ಟಲ್‌ನಲ್ಲಿ ಬಿಲ್ಲಿನ ಮೇಲಿರುವ ಗ್ರಾಹಕರ ನಂಬರ್ ಹಾಕಿ ನೋಂದಾಯಿಸಿ, ಅಲ್ಲೇ ನೋಂದಣಿಯಾದ ವೆಂಡರ್ ಒಬ್ಬರನ್ನು ಆರಿಸಿಕೊಳ್ಳುವುದು. 10 ಕಿಲೋವ್ಯಾಟ್ ತನಕ ತಾಂತ್ರಿಕ ಪರಿಶೀಲನೆಗಾಗಿ ಕಾಯುವ ಅಗತ್ಯವನ್ನು 2024ರಲ್ಲೇ ತೆಗೆದುಹಾಕಿದ್ದಾರೆ. ಕೂರಿಸಿದ ಮೇಲೆ ಇಲಾಖೆಯವರು ಬಂದು ನೋಡುತ್ತಾರೆ, ನೆಟ್ ಮೀಟರ್ ಹಾಕುತ್ತಾರೆ, ಪೋರ್ಟಲ್‌ನಲ್ಲಿ ಚಾಲನೆಯ ವರದಿ ಏರುತ್ತದೆ, ಆಮೇಲೆ ಸಬ್ಸಿಡಿ ನಿಮ್ಮ ಖಾತೆಗೇ ಬರುತ್ತದೆ. ಅಂದರೆ ಮೊದಲು ಪೂರ್ತಿ ದುಡ್ಡು ಹೊಂದಿಸಿಕೊಳ್ಳಬೇಕು. 3 ಕಿಲೋವ್ಯಾಟ್ ತನಕ ಬ್ಯಾಂಕುಗಳು ಅಡಮಾನವಿಲ್ಲದೆ 2 ಲಕ್ಷದವರೆಗೆ ಸಾಲ ಕೊಡುತ್ತವೆ, ಖಾಸಗಿ ಫೈನಾನ್ಸ್ ಕಡೆ ಹೋಗುವ ಮೊದಲು ಅಲ್ಲಿ ವಿಚಾರಿಸಿ.

ಕೊಟೇಶನ್‌ನಲ್ಲಿ ಬರೀ ಒಟ್ಟು ಮೊತ್ತ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ. ಪ್ಯಾನೆಲ್‌ನ ಕಂಪನಿ, ಮಾಡೆಲ್, ಎಷ್ಟು, ಇನ್ವರ್ಟರ್ ಯಾವುದು, ಚೌಕಟ್ಟು ಎಷ್ಟು ಎತ್ತರ, ಕೇಬಲ್ ಎಷ್ಟು ದಪ್ಪ, ಅರ್ತಿಂಗ್ ಗುಂಡಿ ಎಷ್ಟು, ಕೆಟ್ಟರೆ ಎಷ್ಟು ದಿನದಲ್ಲಿ ಯಾರು ಬರುತ್ತಾರೆ, ಎಲ್ಲ ಬರಹದಲ್ಲಿರಲಿ. ಪ್ಯಾನೆಲ್‌ನ ಉತ್ಪಾದನೆಗೆ 25 ವರ್ಷದ ವಾರಂಟಿ ಇರುತ್ತದೆ, ಅದರಲ್ಲಿ ಕೆಡುವುದು ಕಮ್ಮಿ. ಮೊದಲು ಕೈಕೊಡುವುದು ಇನ್ವರ್ಟರ್. ಅದರ ವಾರಂಟಿ 5ರಿಂದ 10 ವರ್ಷ. ಹಾಗಾಗಿ ನಾಲ್ಕು ಸಾವಿರ ಉಳಿಯುತ್ತದೆ ಅಂತ ಹಾಸನದಲ್ಲೋ ಅರಸೀಕೆರೆಯಲ್ಲೋ ಸರ್ವೀಸ್ ಇಲ್ಲದ ಇನ್ವರ್ಟರ್ ಒಪ್ಪಬೇಡಿ.

ಪ್ರಶ್ನೆ: ಅದೇ ಸೋಲಾರ್‌ನಲ್ಲಿ ತೋಟದ ಬೋರ್‌ವೆಲ್ ಮೋಟಾರ್ ಓಡಿಸಬಹುದಾ? (ಕಡೂರಿನ ಓದುಗರು)

ಉತ್ತರ: ಇಲ್ಲ. ಸೂರ್ಯ ಘರ್ ಮನೆಯ ಸಂಪರ್ಕಕ್ಕೆ ಮಾತ್ರ. ಪಂಪ್‌ಸೆಟ್‌ಗೆ ಪಿಎಂ ಕುಸುಮ್ ಅಂತ ಬೇರೆಯೇ ಯೋಜನೆ ಇದೆ, ಅದರ ಅರ್ಜಿ, ನಿಯಮ ಎಲ್ಲ ಬೇರೆ.

ಪ್ರಶ್ನೆ: ಚಾವಣಿ ಮೇಲೆ ಅಷ್ಟು ಕಬ್ಬಿಣ ನಿಲ್ಲಿಸಿದರೆ ಸಿಡಿಲು ಹೊಡೆಯುವುದಿಲ್ವಾ? (ಬೇಲೂರಿನ ಓದುಗರು)

ಉತ್ತರ: ಪ್ಯಾನೆಲ್ ಸಿಡಿಲನ್ನು ಕರೆಯುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ತಂತಿಯಲ್ಲಿ ವೋಲ್ಟೇಜ್ ಏರಿ ಇನ್ವರ್ಟರ್ ಸುಡಬಹುದು. ಅದಕ್ಕೆ ಮೂರು ಅರ್ತಿಂಗ್ ಬೇಕು: ಸಿಡಿಲು ತಡೆಗೆ ಒಂದು, ಪ್ಯಾನೆಲ್ ಚೌಕಟ್ಟಿನ ಡಿಸಿ ಕಡೆಗೆ ಒಂದು, ಇನ್ವರ್ಟರ್ ಎಸಿ ಕಡೆಗೆ ಒಂದು. ಮೂರೂ ಬೇರೆ ಬೇರೆ ಗುಂಡಿ. ದುಡ್ಡು ಉಳಿಸಲು ಮೂರನ್ನೂ ಒಂದೇ ಗುಂಡಿಗೆ ಬಿಡುವವರಿದ್ದಾರೆ. ಗುಂಡಿ ತೋಡುವ ದಿನ ನೀವು ಮನೆಯಲ್ಲಿರಿ. ಡಿಸಿ, ಎಸಿ ಎರಡೂ ಡಬ್ಬಿಯೊಳಗೆ, ಹೀಗೆ ಏರಿದ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಇದೆಯಾ ಅಂತ ತೆಗೆಸಿ ನೋಡಿ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಗುಂಡಿಗೆ ನೀರು ಹಾಕಿ.

ಇನ್ನೊಂದು ಎಚ್ಚರಿಕೆ. ಆರು ಪ್ಯಾನೆಲ್ ಸಾಲಿನಲ್ಲಿ 250 ವೋಲ್ಟ್ ಡಿಸಿ ಓಡುತ್ತಿರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನೆಲ್ ಕಡೆಯ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಡಿಸಿ ಕಿಡಿ ಹತ್ತಿದರೆ ಸುಲಭಕ್ಕೆ ಆರುವುದಿಲ್ಲ. ಮಕ್ಕಳು ಗಾಳಿಪಟಕ್ಕೆ ಅಂತ ಮೇಲೆ ಹೋಗುವ ಮನೆಗಳಲ್ಲಿ ತಂತಿಯೆಲ್ಲ ಪೈಪಿನೊಳಗೇ ಇರಲಿ.

ಪ್ರಶ್ನೆ: ಹಾಕಿಸಿ ಒಂದು ವರ್ಷ ಆಯಿತು. ಈಗೀಗ ಯೂನಿಟ್ ಕಡಿಮೆ ತೋರಿಸುತ್ತಿದೆ. ಯಾರನ್ನು ಕರೆಸಬೇಕು? (ಚಿಕ್ಕಮಗಳೂರಿನ ಓದುಗರು)

ಉತ್ತರ: ಕರೆಸುವ ಮೊದಲು ಮೇಲೆ ಹತ್ತಿ ನೋಡಿ. ಕಾಫಿ ಕೊಯ್ಲಿನ ಸಮಯ, ಕಣದ ಧೂಳು, ರಸ್ತೆ ಧೂಳು ಸೇರಿ ಪ್ಯಾನೆಲ್ ಮೇಲೆ ಒಂದು ಪದರ ಕೂತಿರುತ್ತದೆ. ಮಳೆಗಾಲ ಮುಗಿದ ಮೇಲೆ ಕೆಳಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಅದು ಕೆಳಗಿನ ಸಾಲಿನ ಸೆಲ್‌ಗಳನ್ನೇ ಮುಚ್ಚುವುದರಿಂದ ಸಣ್ಣದಾಗಿ ಕಂಡರೂ ನಷ್ಟ ಜಾಸ್ತಿ. ಹಕ್ಕಿ ಹಿಕ್ಕೆಯೂ ಹಾಗೇ. ಸೂರ್ಯ ಏರುವ ಮೊದಲು ತಣ್ಣಗಿದ್ದಾಗ ಮೆತ್ತನೆ ಬಟ್ಟೆ, ಬರೀ ನೀರಿನಲ್ಲಿ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ಸೋಪಿನ ಪುಡಿ, ಪಾತ್ರೆ ಉಜ್ಜುವ ನಾರು ಬೇಡ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಿಳಿ ಕಲೆ ಕೂರುತ್ತದೆ, ಮಳೆ ನೀರು ಹಿಡಿದಿಟ್ಟದ್ದಿದ್ದರೆ ಅದನ್ನೇ ಬಳಸಿ.

ತೊಳೆದ ಮೇಲೂ ಏರದಿದ್ದರೆ ಇನ್ವರ್ಟರ್‌ನ ಆ್ಯಪ್ ತೆಗೆದು ಹೋದ ವರ್ಷದ ಇದೇ ತಿಂಗಳ ಯೂನಿಟ್ ಜೊತೆ ಹೋಲಿಸಿ. ಹೋದ ತಿಂಗಳಿನ ಜೊತೆ ಹೋಲಿಸಿದರೆ ಮೋಡದ ವ್ಯತ್ಯಾಸವೇ ದೊಡ್ಡದಾಗಿ ಕಾಣುತ್ತದೆ. ಪ್ಯಾನೆಲ್ ಹಳೆಯದಾಗುವುದರಿಂದ ವರ್ಷಕ್ಕೆ ಇಳಿಯುವುದು ಶೇಕಡಾ ಅರ್ಧದ ಆಸುಪಾಸು, ಅದು ಕಣ್ಣಿಗೆ ಕಾಣುವಷ್ಟಲ್ಲ. ಕಾಲು ಭಾಗ ಕಡಿಮೆ ತೋರಿಸಿದರೆ ನೆರಳೋ, ಸಡಿಲವಾದ ಕನೆಕ್ಟರೋ, ಕೋತಿ ಕಿತ್ತ ತಂತಿಯೋ ಇರಬೇಕು. ಆಗ ಹಾಕಿಕೊಟ್ಟವರನ್ನೇ ಕರೆಸಿ, ಎರಡು ವರ್ಷದ ಅಂಕಿಯನ್ನೂ ಅವರ ಮುಂದೆ ಇಡಿ.